ಮೈಮೇಲೆ ಬೀಳುವ ಎಳೆ ಹುಂಜ: ಮೊದಲ ದಿನದಿಂದ ನಾಲ್ಕನೇ ವಾರದವರೆಗೆ ಏನು ಮಾಡಬೇಕು

ಹಿತ್ತಿಲಲ್ಲಿ ಆರೋ ಎಂಟೋ ಹ್ಯಾಟೆ (ಹೆಣ್ಣು ಕೋಳಿ) ಸಾಕಿಕೊಂಡವರು ಬಂದು ಹೇಳುವ ಕಥೆ ಹೆಚ್ಚೂಕಮ್ಮಿ ಒಂದೇ. ಮರಿಯಾಗಿದ್ದಾಗ ಕೈಯಿಂದಲೇ ನುಚ್ಚು ತಿಂದ ಹುಂಜ, ಐದು ತಿಂಗಳು ತುಂಬುತ್ತಿದ್ದಂತೆ ಕಾಲಿಗೆ ಹಾರಿ ಒದೆಯುತ್ತದೆ. ಮನೆಯವರು ಪೊರಕೆ ತಗೊಂಡು ಎರಡು ಬಿಡುತ್ತಾರೆ. ಎರಡು ದಿನ ಸುಮ್ಮನಿರುತ್ತದೆ. ಮೂರನೇ ದಿನ ಬಕೆಟ್ ಹಿಡಿದು ಬೆನ್ನು ತಿರುಗಿಸಿದಾಗ ಮತ್ತೆ ಬರುತ್ತದೆ, ಈ ಸಲ ಇನ್ನೂ ಜೋರಾಗಿ.

ಎಲ್ಲರೂ ಎಡವುವುದು ಕೆಲಸದ ಕ್ರಮದಲ್ಲಿ. ಹುಂಜವನ್ನು ಬೇರೆ ಮಾಡುವ ಮೊದಲೇ ಪಾಠ ಕಲಿಸಲು ಹೋಗುತ್ತಾರೆ. ಕಾರಣ ನೋಡುವ ಮೊದಲೇ ಹೊಡೆಯುತ್ತಾರೆ. ಎಷ್ಟು ದಿನ ಕಾಯಬೇಕು ಅಂತ ಗಡುವು ಇಟ್ಟುಕೊಳ್ಳುವುದೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ನಾವು ಶಿಡ್ಲಘಟ್ಟದ ಕಡೆಯವರು. ನಮ್ಮ ಮನೆಯಲ್ಲಿ ಒಮ್ಮೆ ಹುಂಜ ನನ್ನ ತಂಗಿಯ ನಾಲ್ಕು ವರ್ಷದ ಮಗಳ ಮುಖಕ್ಕೆ ಹಾರಿತು. ಗೀರು ಬಿದ್ದದ್ದು ಕಣ್ಣಿಂದ ಒಂದು ಬೆರಳು ಕೆಳಗೆ. ಆ ಹುಂಜ ಅದಕ್ಕೆ ಮೂರು ವಾರ ಮೊದಲಿಂದಲೂ ಸೂಚನೆ ಕೊಡುತ್ತಲೇ ಇತ್ತು. ನಾವು ಯಾರೂ ಗಮನ ಕೊಡಲಿಲ್ಲ.

## ಮೊದಲು ಗುರುತಿಸಿ: ಒದೆಯುವ ಮುಂಚಿನ ಸೂಚನೆಗಳು

ಹುಂಜ ಏಕಾಏಕಿ ಒದೆಯುವುದು ಕಮ್ಮಿ. ನಾಲ್ಕೂವರೆ, ಐದು ತಿಂಗಳಿಗೆ ಅದರ ಮೈಯಲ್ಲಿ ಹರೆಯ ಏರುತ್ತದೆ. ಜುಟ್ಟು ಕೆಂಪಾಗುತ್ತದೆ, ಕೂಗು ಗಟ್ಟಿಯಾಗುತ್ತದೆ. ಅಲ್ಲಿಂದ ಸುಮಾರು ಒಂದು ವರ್ಷ ತುಂಬುವವರೆಗೆ ಅದರ ಜೋರು ಕಾಲ. ಆಗ ಈ ಸೂಚನೆಗಳು ಸಾಮಾನ್ಯವಾಗಿ ಇದೇ ಸಾಲಿನಲ್ಲಿ ಬರುತ್ತವೆ:

- ನೀವು ಹಿತ್ತಿಲಿಗೆ ಬಂದರೆ ಮೇಯುವುದು ಬಿಟ್ಟು, ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ.
- ನೀವು ಹೋದಲ್ಲಿ ಹಿಂದೆ ಹಿಂದೆ ಬರುತ್ತದೆ. ಇದನ್ನು ಪ್ರೀತಿ ಅಂದುಕೊಂಡು ಖುಷಿಪಡುವವರು ತುಂಬಾ ಜನ.
- ಒಂದು ರೆಕ್ಕೆ ನೆಲಕ್ಕೆ ತಾಗುವಂತೆ ಇಳಿಸಿ, ಅಡ್ಡಡ್ಡ ಹೆಜ್ಜೆ ಹಾಕಿ ನಿಮ್ಮನ್ನು ಸುತ್ತುತ್ತದೆ.
- ತಿನ್ನಲು ಏನೂ ಇಲ್ಲದಿದ್ದರೂ ನೆಲ ಕುಕ್ಕುತ್ತದೆ.
- ತಲೆ ತಗ್ಗಿಸಿ ಕತ್ತಿನ ಗರಿ ಛತ್ರಿಯ ಹಾಗೆ ಬಿಚ್ಚುತ್ತದೆ. ಇದಾದ ಮೇಲೆ ಒದೆ ಬೀಳಲು ಎರಡು ಮೂರು ಸೆಕೆಂಡು ಸಾಕು.

ರೆಕ್ಕೆ ಇಳಿಸಿ ಸುತ್ತುವುದು ಶುರುವಾದ ದಿನವೇ, ಅದು ತಪ್ಪಿದರೆ ಮೊದಲ ಒದೆ ಬಿದ್ದ ದಿನವೇ, ಕೆಲಸ ಶುರು ಮಾಡಿ. ಇದಕ್ಕೊಂದು ಗಟ್ಟಿ ಕಾರಣ ಇದೆ. ಐದಾರು ತಿಂಗಳ ಹುಂಜದ ಕಾಲಿನ ಮುಳ್ಳು ಇನ್ನೂ ಗುಂಡಿಯಷ್ಟೇ ಇರುತ್ತದೆ. ಒದ್ದರೂ ತರಚುಗಾಯ. ವರ್ಷ ತುಂಬಿದ ಮೇಲೆ ಅದೇ ಮುಳ್ಳು ಉದ್ದವಾಗಿ, ಚೂಪಾಗಿ ಪ್ಯಾಂಟು ತೂರಿ ಒಳಗೆ ಹೋಗುತ್ತದೆ.

## ಬೇಕಾದ ಸಾಮಾನು

ದುಡ್ಡು ಕೊಟ್ಟು ತರುವಂಥದ್ದು ಹೆಚ್ಚೇನಿಲ್ಲ.

- ಟೊಮೇಟೊ ಕ್ರೇಟು. ಕೋಲಾರ, ಚಿಂತಾಮಣಿ ಮಂಡಿಗೆ ಹೋಗುವ ಪ್ಲಾಸ್ಟಿಕ್ ಕ್ರೇಟೇ ಸಾಕು. ಇದು ಗುರಾಣಿ. ಕೋಲಿಗಿಂತ ಮೇಲು, ಯಾಕೆಂದರೆ ಕೈಯಲ್ಲಿ ಕೋಲಿದ್ದರೆ ಹೊಡೆಯಬೇಕು ಅನ್ನಿಸಿಬಿಡುತ್ತದೆ.
- ಬೇರೆ ಗೂಡು. ಕನಿಷ್ಠ 4 ಅಡಿ ಉದ್ದ, 4 ಅಡಿ ಅಗಲ. ಹಳೆಯ ಚಂದ್ರಿಕೆ (ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ), ನೀಲಗಿರಿ ಕಡ್ಡಿ, ಜಾಲರಿ ಸೇರಿಸಿ ಕಟ್ಟಿದರೂ ನಡೆಯುತ್ತದೆ. ಚಂದ್ರಿಕೆಗೆ ಔಷಧಿ ಹೊಡೆದಿದ್ದರೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ.
- ದಪ್ಪ ಜೀನ್ಸು, ಮಂಡಿಯ ಹತ್ತಿರ ಬರುವ ಗಂಬೂಟು. ಲುಂಗಿ, ನೈಟಿ, ಜೋತಾಡುವ ಸೆರಗು ಬೇಡ. ಕಾಲ ಹತ್ತಿರ ಬಟ್ಟೆ ಅಲುಗಾಡಿದರೆ ಹುಂಜ ಕೆರಳುತ್ತದೆ.
- ದೊಡ್ಡ ಟವಲ್ಲು ಅಥವಾ ಗೋಣಿಚೀಲ, ಹಿಡಿಯಲು.
- ಟಾರ್ಚು, ಮೇಲೆ ಕೆಂಪು ಬಟ್ಟೆ ಸುತ್ತಿ.
- ಸೋಪು, ಪೊವಿಡೋನ್ ಅಯೋಡಿನ್, ಹತ್ತಿ.

## ಹಂತ 1: ಅವತ್ತೇ ಬೇರೆ ಮಾಡಿ

ಮೊದಲ ಒದೆ ಬಿದ್ದ ದಿನವೇ ಹುಂಜ ಬೇರೆ ಗೂಡಿಗೆ ಹೋಗಬೇಕು. "ನಾಳೆ ನೋಡೋಣ" ಬೇಡ. ಇದು ಶಿಕ್ಷೆ ಅಂತ ಅಲ್ಲ. ಕಾರಣ ಹುಡುಕಲು ನಿಮಗೆ ಸಮಯ ಬೇಕು, ಹ್ಯಾಟೆಗಳ ಮೈಗೆ ಬಿಡುವು ಬೇಕು, ಮಕ್ಕಳು ಹಿತ್ತಿಲಲ್ಲಿ ಓಡಾಡಬೇಕು.

ಗೂಡು ಹ್ಯಾಟೆಗಳ ಕಣ್ಣಿಗೆ ಕಾಣುವ ಜಾಗದಲ್ಲಿರಲಿ. ಪೂರ್ತಿ ಮರೆ ಮಾಡಿದರೆ ವಾಪಸ್ಸು ಬಿಡುವಾಗ ಹೊಸ ಹುಂಜ ಬಂದ ಹಾಗೆ ಗಲಾಟೆ ಆಗುತ್ತದೆ. ಆದರೆ ಇನ್ನೊಂದು ಹುಂಜ ಹೊರಗಿದ್ದರೆ ಆ ಕಡೆಗೆ ಮಾತ್ರ ಗೋಣಿಚೀಲ ಕಟ್ಟಿ. ಇಲ್ಲದಿದ್ದರೆ ಎರಡೂ ಜಾಲರಿಯ ಎರಡು ಕಡೆ ನಿಂತು ಜುಟ್ಟು ರಕ್ತ ಮಾಡಿಕೊಳ್ಳುತ್ತವೆ.

ನೆರಳು, ನೀರು ತಪ್ಪಬಾರದು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗೆ ಕೂಡಿದ ಹುಂಜ ಮಧ್ಯಾಹ್ನದೊಳಗೆ ಬಾಯಿ ತೆರೆದು ಏದುಸಿರು ಬಿಡುತ್ತದೆ.

## ಹಂತ 2: ಗಾಯ ನೋಡಿಕೊಳ್ಳಿ

ಮನುಷ್ಯರದ್ದು ಮೊದಲು. ಮುಳ್ಳು ಚುಚ್ಚಿದ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳ ಇರುತ್ತದೆ, ಮಣ್ಣು, ಹಿಕ್ಕೆ ಒಳಗೆ ಹೋಗಿರುತ್ತದೆ. ಹರಿಯುವ ನೀರಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ತುಂಬಾ ವರ್ಷ ಆಗಿದ್ದರೆ, ಅಥವಾ ನೆನಪೇ ಇಲ್ಲದಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಣ್ಣಿನ ಹತ್ತಿರ, ಗಂಟಿನ ಮೇಲೆ ಆದ ಗಾಯ, ಸಕ್ಕರೆ ಕಾಯಿಲೆ ಇರುವವರಿಗೆ ಆದ ಗಾಯ, ಕೆಂಪಾಗಿ ಊದಿ ಬಿಸಿಯಾದ ಗಾಯ ಇವಕ್ಕೆ ಮನೆಮದ್ದು ಬೇಡವೇ ಬೇಡ. ಹುಚ್ಚುನಾಯಿ ಇಂಜೆಕ್ಷನ್ ಬೇಕಾ ಅಂತ ಕೆಲವರು ಗಾಬರಿಯಿಂದ ಕೇಳುತ್ತಾರೆ. ಆ ರೋಗ ಹಾಲೂಡುವ ಪ್ರಾಣಿಗಳಿಂದ ಬರುವುದು, ಕೋಳಿಯಿಂದ ಬರುವುದಲ್ಲ.

ಆಮೇಲೆ ಹ್ಯಾಟೆಗಳು. ಹುಂಜ ಮೆಟ್ಟುವಾಗ, ಅಂದರೆ ಕೂಡಲು ಬೆನ್ನೇರಿದಾಗ, ಅವಕ್ಕೂ ಗಾಯ ಆಗಿರಬಹುದು. ಒಂದೊಂದನ್ನೇ ಎತ್ತಿ ಬೆನ್ನು, ತಲೆಯ ಹಿಂಭಾಗ, ರೆಕ್ಕೆಯ ಅಡಿ ನೋಡಿ. ರೆಕ್ಕೆಯ ಕೆಳಗಿನ ಸೀಳು ಗರಿಯಲ್ಲಿ ಮುಚ್ಚಿಹೋಗಿರುತ್ತದೆ, ಎತ್ತಿ ನೋಡದಿದ್ದರೆ ಕಾಣುವುದಿಲ್ಲ. ರಕ್ತ ಕಂಡ ಹ್ಯಾಟೆಯನ್ನು ಬೇರೆ ಇಡಿ, ಇಲ್ಲದಿದ್ದರೆ ಉಳಿದ ಹ್ಯಾಟೆಗಳೇ ಆ ಕೆಂಪು ಜಾಗ ಕುಕ್ಕಿ ಕುಕ್ಕಿ ದೊಡ್ಡದು ಮಾಡುತ್ತವೆ. ತೊಳೆದು ಅಯೋಡಿನ್ ಹಚ್ಚಿ. ನೊಣ ಕೂತು ಹುಳ ಬಿದ್ದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

## ಹಂತ 3: ಕಾರಣ ಹುಡುಕಿ (ಎರಡು ಮೂರು ದಿನ)

ಇದನ್ನು ಬಿಟ್ಟು ಮುಂದಕ್ಕೆ ಹೋದವರು ವಾಪಸ್ಸು ಇಲ್ಲಿಗೇ ಬರುತ್ತಾರೆ.

ಲೆಕ್ಕ ನೋಡಿ. ಒಂದು ಹುಂಜಕ್ಕೆ 8ರಿಂದ 10 ಹ್ಯಾಟೆ ಇರಬೇಕು. ಬೈಕಿನಲ್ಲಿ ಬುಟ್ಟಿ ಕಟ್ಟಿಕೊಂಡು ಬರುವವರ ಹತ್ತಿರ ಹತ್ತು ಮರಿ ತಗೊಂಡರೆ ಅದರಲ್ಲಿ ಆರು ಹುಂಜವೇ ಆಗಿಬಿಡುವುದುಂಟು. ನಾಲ್ಕು ಹ್ಯಾಟೆಗೆ ಮೂರು ಹರೆಯದ ಹುಂಜ ಅಂದರೆ ಯಾವ ತರಬೇತಿಯೂ ಕೆಲಸ ಮಾಡುವುದಿಲ್ಲ. ಮೊದಲು ಹುಂಜ ಕಮ್ಮಿ ಮಾಡಿ.

ತೂಕ ನೋಡಿ. ಇದನ್ನು ಯಾರೂ ಯೋಚಿಸುವುದಿಲ್ಲ. ಗಿರಿರಾಜ ಅನ್ನುವ ಸುಧಾರಿತ ತಳಿಯ ಹುಂಜ ಬೆಳೆದರೆ 3 ಕಿಲೋ ದಾಟುತ್ತದೆ. ನಾಟಿ ಹ್ಯಾಟೆ ಒಂದೂಕಾಲು, ಒಂದೂವರೆ ಕಿಲೋ. ಆ ಭಾರದ ಹುಂಜ ದಿನಕ್ಕೆ ಹಲವು ಸಲ ಮೆಟ್ಟಿದರೆ ಹ್ಯಾಟೆಯ ಬೆನ್ನು ಉಳಿಯುತ್ತದೆಯೇ? ಇಲ್ಲಿ ಹುಂಜದ ತಪ್ಪೇನೂ ಇಲ್ಲ, ಜೋಡಿ ಮಾಡಿದ್ದೇ ತಪ್ಪು. ಗಿರಿರಾಜಕ್ಕೆ ಗಿರಿರಾಜ, ನಾಟಿಗೆ ನಾಟಿ.

ಜಾಗ ನೋಡಿ. ರಾತ್ರಿ ಕೂರುವ ಗೂಡಿನಲ್ಲಿ ಒಂದು ಕೋಳಿಗೆ 4 ಚದರ ಅಡಿ, ಹಗಲು ಓಡಾಡಲು 10 ಚದರ ಅಡಿಯಾದರೂ ಬೇಕು. ತಪ್ಪಿಸಿಕೊಳ್ಳಲು ಮರೆಯೂ ಬೇಕು: ಒಂದು ಮುರುಕಲು ಮಂಕರಿ, ಒರಗಿಸಿದ ಹಲಗೆ, ಸೌದೆ ರಾಶಿ, ಏನಾದರೂ ಸರಿ. ಮೇವು, ನೀರು ಒಂದೇ ಕಡೆ ಇಟ್ಟರೆ ಹುಂಜ ಅಲ್ಲೇ ಕಾವಲು ನಿಲ್ಲುತ್ತದೆ. ಎರಡು ಕಡೆ ಇಡಿ.

ಮೈ ನೋಡಿ. ಹೇನು, ಉಣುಗು, ಕಾಲಿನ ಹುರುಪೆ, ಪಾದದ ಅಡಿ ಕೀವುಗಂಟು. ನೋವಿರುವ ಹುಂಜ ಮುಟ್ಟಲು ಬಂದವರನ್ನೆಲ್ಲ ಕುಕ್ಕುತ್ತದೆ. ಇದನ್ನು ರಾತ್ರಿ ಹಿಡಿದಾಗ ನೋಡಿ (ಮುಂದಿನ ಹಂತ).

ಮನೆಯವರನ್ನು ನೋಡಿ. ಮಕ್ಕಳು ಕಲ್ಲೆಸೆಯುತ್ತಾರಾ? ಯಾರಾದರೂ ತಮಾಷೆಗೆ ಕಾಲು ಚಾಚಿ ಕೆಣಕುತ್ತಾರಾ? ಸಂಜೆ ಹುಂಜದ ಒದೆ ನೋಡಿ ನಗುವುದು ಕೆಲವು ಮನೆಯಲ್ಲಿ ಆಟವೇ ಆಗಿಬಿಟ್ಟಿರುತ್ತದೆ. ಅದು ನಿಲ್ಲದೆ ಏನೂ ಸರಿಹೋಗುವುದಿಲ್ಲ.

## ಹಂತ 4: ಹಿಡಿಯುವುದು, ಎತ್ತುವುದು

ಹಗಲು ಓಡಿಸಿಕೊಂಡು ಹಿಡಿಯಬೇಡಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೂತ ಜಾಗದಲ್ಲೇ ಸಿಗುತ್ತದೆ. ಟಾರ್ಚಿನ ಕೆಂಪು ಬೆಳಕು ಅದನ್ನು ಅಷ್ಟಾಗಿ ಎಬ್ಬಿಸುವುದಿಲ್ಲ.

ಎರಡೂ ಕೈಯಿಂದ ರೆಕ್ಕೆ ಮೈಗೆ ಒತ್ತಿ ಹಿಡಿದು ಎತ್ತಿ. ಒಂದು ಕೈ ಎದೆಯ ಅಡಿ ತಂದು, ಬೆರಳ ಸಂದಿಯಲ್ಲಿ ಎರಡು ಕಾಲು ಸಿಕ್ಕಿಸಿಕೊಳ್ಳಿ. ತಲೆ ನಿಮ್ಮ ಕಂಕುಳ ಹಿಂದಕ್ಕೆ ಬರಲಿ, ಆಗ ಮುಖ ಕುಕ್ಕಲು ಆಗುವುದಿಲ್ಲ. ಒದ್ದಾಡಿದರೆ ಟವಲ್ಲು ಸುತ್ತಿ, ಕಣ್ಣು ಮುಚ್ಚಿದರೆ ತಣ್ಣಗಾಗುತ್ತದೆ.

"ಅಣ್ಣಾ, ಕಾಲು ಹಿಡಿದು ತಲೆಕೆಳಗೆ ಮಾಡಿ ಊರೆಲ್ಲ ಒಂದು ಸುತ್ತು ಹಾಕ್ಸಿ, ಕೊಬ್ಬು ಇಳಿಯುತ್ತೆ" ಅಂತ ನಮ್ಮ ಕೇರಿಯವರೊಬ್ಬರು ಹೇಳಿದ್ದರು. ಸಂತೆಗೆ ಹಾಗೇ ಒಯ್ಯುವುದು ನಮಗೆ ರೂಢಿ ಕೂಡ. ಆದರೆ ಕೋಳಿಗೆ ನಮ್ಮ ಹಾಗೆ ಎದೆ ಹೊಟ್ಟೆ ಬೇರೆ ಮಾಡುವ ಪರದೆ ಇಲ್ಲ. ತಲೆಕೆಳಗಾದರೆ ಕರುಳು, ಈಲಿ ಎಲ್ಲ ಉಸಿರಿನ ಚೀಲಗಳ ಮೇಲೆ ಬೀಳುತ್ತದೆ. ಅದು ಸುಮ್ಮನಾಗುವುದು ಉಸಿರು ಕಟ್ಟಿ, ಹೆದರಿ. ಹಾಗೆ ಹೆದರಿದ ಹುಂಜ ಮಾರನೇ ದಿನ ನಿಮ್ಮ ಕೈ ಕಂಡರೆ ಇನ್ನೂ ಜಾಸ್ತಿ ಕೆರಳುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ.

## ಹಂತ 5: ದಾರಿ ಬಿಡಲು ಕಲಿಸುವುದು

ಹುಂಜದ ತಲೆಯಲ್ಲಿ ನೀವು ಇನ್ನೊಂದು ಹುಂಜ. ನೀವು ಓಡಿದರೆ ಅದು ಗೆದ್ದಿತು. ಹೊಡೆದರೆ ಜಗಳಕ್ಕೆ ಒಪ್ಪಿಕೊಂಡ ಹಾಗಾಯಿತು, ಸೋತದ್ದು ಮತ್ತೊಂದು ಕೈ ನೋಡಲು ಬಂದೇ ಬರುತ್ತದೆ. ಎರಡೂ ಬೇಡ. ಈ ಮನುಷ್ಯ ಬಂದಾಗ ನಾನು ಪಕ್ಕಕ್ಕೆ ಸರಿದರೆ ಆಯಿತು, ಏನೂ ಆಗುವುದಿಲ್ಲ ಅಂತ ಅದಕ್ಕೆ ಅಭ್ಯಾಸವಾಗಬೇಕು.

ಇದಕ್ಕೆ ಚಿಕ್ಕ ಗೂಡು ಸಾಲದು. 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ ಸುತ್ತ ಶೇಡ್ ನೆಟ್ ಕಟ್ಟಿ. ಸರಿಯಲು ಜಾಗ ಇಲ್ಲದ ಹುಂಜ ಸರಿಯುವುದನ್ನು ಹೇಗೆ ಕಲಿತೀತು?

1. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಹತ್ತು ಹತ್ತು ನಿಮಿಷ. ಬೂಟು ಹಾಕಿ, ಕ್ರೇಟನ್ನು ಮಂಡಿಯ ಮುಂದೆ ಹಿಡಿದು ಒಳಗೆ ಹೋಗಿ. ನಿಧಾನ ನಡೆಯಿರಿ. ದಿಟ್ಟಿಸಿ ನೋಡಬೇಡಿ.

2. ಹುಂಜ ರೆಕ್ಕೆ ಇಳಿಸಿ ಸುತ್ತಲು ಶುರು ಮಾಡಿದರೆ ನಿಲ್ಲಿ. ಹಿಂದಕ್ಕೆ ಒಂದು ಹೆಜ್ಜೆಯೂ ಇಡಬೇಡಿ. ಅದು ಕ್ರೇಟಿಗೆ ಒದ್ದರೆ ಒದೆಯಲಿ. ಕ್ರೇಟು ಅಲ್ಲೇ ಇರಬೇಕು, ಅದರಿಂದ ಹುಂಜವನ್ನು ತಳ್ಳುವುದು, ಕುಟ್ಟುವುದು ಬೇಡ.

3. ಒದೆ ನಿಂತ ಮೇಲೆ ಅದರ ಕಡೆ ಒಂದು ನಿಧಾನದ ಹೆಜ್ಜೆ. ಆಮೇಲೆ ಇನ್ನೊಂದು. ಅದು ಪಕ್ಕಕ್ಕೆ ಸರಿಯುವವರೆಗೆ ಹೀಗೇ ಮಾಡಿ. ಮೂಲೆಗೆ ಮಾತ್ರ ಒತ್ತಬೇಡಿ.

4. ಅದು ಬೆನ್ನು ತಿರುಗಿಸಿ ನಡೆದರೆ, ಅಥವಾ ತಲೆ ತಗ್ಗಿಸಿ ನಿಜಕ್ಕೂ ಮೇಯಲು ಶುರು ಮಾಡಿದರೆ, ಆ ಕ್ಷಣವೇ ನೀವು ನಿಂತು ಬಿಡಿ. ಪಕ್ಕಕ್ಕೆ ತಿರುಗಿ. ಒಂದು ನಿಮಿಷ ಬಿಟ್ಟು ಹೊರಗೆ ಬನ್ನಿ. ಸರಿದರೆ ಒತ್ತಡ ಹೋಗುತ್ತದೆ ಅನ್ನುವುದೇ ಅದಕ್ಕೆ ಸಿಗುವ ಬಹುಮಾನ.

5. ಒದೆಯುತ್ತಿರುವಾಗ ಮಧ್ಯದಲ್ಲಿ ಹೊರಗೆ ಬರಬೇಡಿ. ಹಾಗೆ ಬಂದರೆ ಅವತ್ತಿನ ಪಾಠ ಉಲ್ಟಾ ಆಯಿತು.

6. ಮೊದಲ ವಾರ ನೀವೊಬ್ಬರೇ. ಎರಡನೇ ವಾರದಿಂದ ಮನೆಯ ಬೇರೆ ದೊಡ್ಡವರು ಸರದಿಯಲ್ಲಿ ಹೋಗಲಿ. ನನ್ನನ್ನು ಕಂಡರೆ ಸರಿಯುತ್ತಿದ್ದ ಹುಂಜ ನಮ್ಮ ಅಮ್ಮನ ಮೇಲೆ ಬಿದ್ದಿತ್ತು. ಅದು ಕಲಿಯುವುದು ಒಬ್ಬೊಬ್ಬರನ್ನು ನೋಡಿ ಬೇರೆ ಬೇರೆಯಾಗಿ. ಮಕ್ಕಳಿಗೆ ಈ ಕೆಲಸ ಕೊಡಬೇಡಿ.

ಈ ದಿನಗಳಲ್ಲಿ ಕೈಯಿಂದ ತಿನ್ನಿಸುವುದು ಪೂರ್ತಿ ಬಂದ್. ಜೋಳ, ರಾಗಿ ನೆಲಕ್ಕೆ ಎರಚಿ. ಮರಿಯಲ್ಲಿ ಮುದ್ದು ಮಾಡಿ ಬೆಳೆಸಿದ ಹುಂಜಕ್ಕೆ ಮನುಷ್ಯರ ಭಯ, ದೂರ ಎರಡೂ ಇರುವುದಿಲ್ಲ. ಹರೆಯ ಬಂದಾಗ ಮೊದಲು ಮೇಲೆ ಬೀಳುವುದು ಹೆಚ್ಚಾಗಿ ಅಂಥವೇ.

ಒಂದು ವಾರಕ್ಕೆ ಒದೆಗಳು ಕಮ್ಮಿಯಾಗಬೇಕು. ಎರಡನೇ ವಾರದ ಕೊನೆಗೆ ಕ್ರೇಟು ಕಂಡ ತಕ್ಷಣ ಪಕ್ಕಕ್ಕೆ ಹೋಗುವಂತಾಗಬೇಕು. ಆಮೇಲೆ ಕ್ರೇಟನ್ನು ಪಕ್ಕಕ್ಕೆ ಹಿಡಿದು ಹೋಗಿ ನೋಡಿ. ಬೂಟು ಮಾತ್ರ ಬಿಡಬೇಡಿ.

## ಹಂತ 6: ಹ್ಯಾಟೆಗಳ ಜೊತೆ ವಾಪಸ್ಸು

ಮೂರನೇ ವಾರ. ಹ್ಯಾಟೆಗಳ ಗಾಯ ಒಣಗಿರಬೇಕು.

ಮೊದಲ ಸಲ ಬಿಡುವುದು ಗೂಡು ಸೇರುವ ಹೊತ್ತಿಗೆ ಅರ್ಧ ಗಂಟೆ ಮುಂಚೆ. ಕತ್ತಲಾಗುತ್ತಿದ್ದಂತೆ ಎಲ್ಲವೂ ಕೂರಲು ಹೋಗುತ್ತವೆ, ಗಲಾಟೆಗೆ ಸಮಯ ಇರುವುದಿಲ್ಲ. ಬೆಳಗ್ಗೆ ಹ್ಯಾಟೆಗಳನ್ನು ಮೊದಲು ಬಿಡಿ, ಅವು ಚದುರಿ ಮೇಯಲು ಹತ್ತಿದ ಮೇಲೆ ಹುಂಜ ಬಿಡಿ. ಬಾಗಿಲಲ್ಲೇ ಮೆಟ್ಟಲು ಮುಗಿಬೀಳುವುದು ಇದರಿಂದ ತಪ್ಪುತ್ತದೆ. ಸಂಜೆ ನಾಲ್ಕರ ಮೇಲೆ ಹುಂಜದ ಆಸೆ ಜಾಸ್ತಿ, ಆ ಹೊತ್ತಲ್ಲಿ ಹಿತ್ತಿಲಲ್ಲಿ ಒಬ್ಬರಿರಿ.

ಒಳ್ಳೆಯ ಲಕ್ಷಣ ಯಾವುದು ಗೊತ್ತಾ? ಕಾಳು ಸಿಕ್ಕಾಗ ಹುಂಜ ತಾನು ತಿನ್ನದೆ, ಎತ್ತಿ ಎತ್ತಿ ಕೆಳಗೆ ಹಾಕುತ್ತಾ "ಕುಕ್ ಕುಕ್ ಕುಕ್" ಅಂತ ಹ್ಯಾಟೆಗಳನ್ನು ಕರೆಯುತ್ತದೆ. ಹದ್ದು ಕಂಡರೆ ಎಚ್ಚರಿಕೆ ಕೂಗು ಹಾಕುತ್ತದೆ. ಹೀಗೆ ಮಾಡುವ ಹುಂಜಕ್ಕೆ ಇನ್ನಷ್ಟು ತಾಳ್ಮೆ ಕೊಡಬಹುದು. ನನಗಂತೂ ಇದನ್ನು ನೋಡಿದಾಗ ಮನಸ್ಸು ತುಂಬುತ್ತದೆ.

ಕೆಟ್ಟ ಲಕ್ಷಣಗಳು: ಹ್ಯಾಟೆಗಳು ಹಗಲೆಲ್ಲ ಮೇಲಿನ ಕೋಲಿನಿಂದ ಇಳಿಯುವುದಿಲ್ಲ. ಮೇವಿನ ತಟ್ಟೆಯ ಹತ್ತಿರ ಬರಲು ಹೆದರುತ್ತವೆ. ಮೊಟ್ಟೆ ಕಮ್ಮಿಯಾಗುತ್ತದೆ. ಒಂದೇ ಹ್ಯಾಟೆಯ ಬೆನ್ನು ಬೋಳಾಗುತ್ತಾ ಹೋಗುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಹುಂಜ ಮತ್ತೆ ಬೇರೆ ಗೂಡಿಗೆ.

## ಹಂತ 7: ಮುಳ್ಳಿನ ತುದಿ

ಮುಳ್ಳು ಬೆಳೆದಿದ್ದರೆ ಮಾತ್ರ. ಹೊರಗಿನ ಕವಚ ನಮ್ಮ ಉಗುರಿನಂಥದ್ದು, ಒಳಗೆ ಜೀವ ಇರುವ ಮೂಳೆ, ರಕ್ತ ಇದೆ. ಹಾಗಾಗಿ ರಾತ್ರಿ ಹಿಡಿದು, ಇನ್ನೊಬ್ಬರು ಕಾಲು ಹಿಡಿದಿರುವಾಗ, ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಅಷ್ಟೇ. ಕತ್ತಿಯಲ್ಲಿ ಕೊಯ್ಯುವುದು, ಇಕ್ಕಳದಿಂದ ತಿರುಚಿ ಕೀಳುವುದು, ಕವಚ ಸಡಿಲವಾಗಲಿ ಅಂತ ಮುಳ್ಳಿಗೆ ಬಿಸಿ ಆಲೂಗಡ್ಡೆ ಚುಚ್ಚುವುದು ಇವೆಲ್ಲ ಹಿಂಸೆ.

## ಹಂತ 8: ಗಡುವು ಮತ್ತು ತೀರ್ಮಾನ

ನಾಲ್ಕು ವಾರ. ಕ್ರಮ ತಪ್ಪದೆ ಮಾಡಿದ ಮೇಲೂ ಹುಂಜ ದೊಡ್ಡವರ ಮೇಲೆ ಬೀಳುತ್ತಿದ್ದರೆ, ಆ ಹುಂಜ ಹಿತ್ತಿಲಿಗೆ ಆಗಿಬರುವುದಿಲ್ಲ. ಮಕ್ಕಳ ಮುಖಕ್ಕೆ ಹಾರಿದ ಹುಂಜಕ್ಕೆ ಈ ಗಡುವೂ ಬೇಡ. ಅವತ್ತೇ ತೀರ್ಮಾನ ಮಾಡಿ. ನಾವು ಹಾಗೇ ಮಾಡಿದೆವು.

ಮಾಂಸ ತಿನ್ನುವ ಮನೆಯಾದರೆ ಸಾರು ಮಾಡುವುದರಲ್ಲಿ ತಪ್ಪಿಲ್ಲ. ಯುಗಾದಿಯ ಮಾರನೇ ದಿನ ವರ್ಷತೊಡಕಿಗೆ ನಾಟಿ ಹುಂಜ ಹುಡುಕಿಕೊಂಡು ಜನ ಬರುತ್ತಾರೆ. ಸಾಕಲು ಬೇರೆಯವರಿಗೆ ಕೊಡುವುದಾದರೆ ಅದು ಒದೆಯುತ್ತದೆ ಅಂತ ಬಾಯಿಬಿಟ್ಟು ಹೇಳಿ ಕೊಡಿ, ಚಿಕ್ಕ ಮಕ್ಕಳಿರುವ ಮನೆಗೆ ಕೊಡಬೇಡಿ. ಸಂಕ್ರಾಂತಿ ಹತ್ತಿರ ಬಂದಾಗ ಒಳ್ಳೆ ರೇಟಿಗೆ ಕೇಳಿಕೊಂಡು ಬರುವವರ ಬಗ್ಗೆ ಹುಷಾರಾಗಿರಿ. ಕೋಳಿ ಪಂದ್ಯ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಲಿಗೆ ಕತ್ತಿ ಕಟ್ಟಿಸಿಕೊಂಡು ಸಾಯಲಿ ಅಂತ ನಾವು ಮರಿಯಿಂದ ಸಾಕಿದ್ದಲ್ಲ.

ಹುಂಜ ಹೋದರೆ ಮೊಟ್ಟೆ ನಿಲ್ಲುತ್ತದೆ ಅನ್ನುವ ಭಯ ತುಂಬಾ ಮನೆಗಳಲ್ಲಿದೆ. ನಿಲ್ಲುವುದಿಲ್ಲ. ತಿನ್ನುವ ಮೊಟ್ಟೆಗೆ ಹುಂಜ ಬೇಕಾಗಿಲ್ಲ, ಮರಿ ಮಾಡಿಸಲು ಮಾತ್ರ ಬೇಕು. ಹುಂಜ ತೆಗೆದ ಮೇಲೂ ಒಂದು ವಾರದವರೆಗಿನ ಮೊಟ್ಟೆಗಳಲ್ಲಿ ಸಾಮಾನ್ಯವಾಗಿ ಮರಿಯಾಗುವ ಶಕ್ತಿ ಇರುತ್ತದೆ. ಆದರೂ ಒದೆಯುವ ಹುಂಜದ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ. ಆ ಗುಣ ಮರಿಗಳಿಗೂ ಬರುವುದುಂಟು.

ಬದಲಿಗೆ ಇನ್ನೊಂದು ಹುಂಜ ತರುವುದಾದರೆ ವರ್ಷ ದಾಟಿದ್ದನ್ನು ತನ್ನಿ, ಅದರ ಗುಣ ಆಗಲೇ ಗೊತ್ತಾಗಿರುತ್ತದೆ. ತರುವ ಮೊದಲು ಆ ಮನೆಯ ಹಿತ್ತಿಲಿಗೆ ಬಕೆಟ್ ಹಿಡಿದು ನೀವೇ ಒಮ್ಮೆ ನಡೆದು ನೋಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಆಗಿದೆಯೇ ಕೇಳಿ. ಮನೆಗೆ ತಂದ ಮೇಲೆ ಮೂರು ವಾರ ನಿಮ್ಮ ಕೋಳಿಗಳಿಂದ ದೂರ, ಬೇರೆ ನೀರು, ಬೇರೆ ತಟ್ಟೆ ಇಟ್ಟು ಸಾಕಿ. ಬೇರೆ ಗೂಡು ಹೇಗೂ ಕಟ್ಟಿದ್ದೀರಲ್ಲ. ಅದನ್ನು ಹ್ಯಾಟೆಗಳಿಂದ ದೂರಕ್ಕೆ ಎತ್ತಿಟ್ಟು, ಸುಣ್ಣ ಬಳಿದು ಒಣಗಿಸಿ, ಅದರಲ್ಲೇ ಬಿಡಿ.